*ಇಂದಿನ ಧಮ್ಮ ಚಿಂತನೆ: ತಣ್ಣಗಿರುವುದೆಲ್ಲ ಉಪೇಕ್ಷೆಯಲ್ಲ*





ನನ್ನ ಹತ್ತಿರ ಒಂದು ಹಳೆಯ ಡೀಸೆಲ್ ಜೀಪ್ ಇದೆ. ಮೂರು ವರ್ಷದ ಹಿಂದೆ ವೈಶಾಖದ ಬಿಸಿಲಲ್ಲಿ ಆಳಂದದಿಂದ ಅಫಜಲಪುರಕ್ಕೆ ಹೋಗುವಾಗ ಎಂಜಿನ್ ಕುದಿಯಿತು. ದಾರಿಯಲ್ಲಿ ಸಿಕ್ಕ ಮಿಸ್ತ್ರಿ ಥರ್ಮೋಸ್ಟಾಟ್ ಕಿತ್ತು ನನ್ನ ಕೈಗಿಟ್ಟ. "ಜಾಮ್ ಆಗ್ಯದ. ನಮ್ಮ ಕಡಿ ಬಿಸಲಿಗಿ ಇದು ಬ್ಯಾಡೇ ಬ್ಯಾಡ್ರಿ" ಅಂದ. ಅಂದಿನಿಂದ ಜೀಪ್ ಒಮ್ಮೆಯೂ ಕುದಿಯಲಿಲ್ಲ.

ಅದೇ ವರ್ಷ ಜೇವರ್ಗಿಯಲ್ಲಿರುವ ನನ್ನ ತಮ್ಮನ ಜೊತೆ ಹೊಲದ ಬದುವಿನ ಸಲುವಾಗಿ ಜಗಳವಾಯಿತು. ಕೈ ಎತ್ತುವ ಮಟ್ಟಕ್ಕೆ ಹೋದೆ. ಆಮೇಲೆ ನನ್ನ ಸಿಟ್ಟಿಗೆ ನಾನೇ ಹೆದರಿ ಅವನೊಂದಿಗೆ ಮಾತು ಬಿಟ್ಟೆ. ಮತ್ತೆ ಸಿಟ್ಟು ಬರಲಿಲ್ಲ. ಇದೇ ಉಪೇಕ್ಷೆ, ಧ್ಯಾನದ ಫಲ ಎಂದು ನಂಬಿದೆ.

ಈ ಚಳಿಗಾಲದಲ್ಲಿ ತಮ್ಮ ಬಿದ್ದು ಕಾಲು ಮುರಿದುಕೊಂಡ ಸುದ್ದಿ ಬಂತು. ಕೇಳಿ ನನಗೆ ಏನೂ ಅನಿಸಲಿಲ್ಲ. ಚಹಾ ಮುಗಿಸಿ ಎದ್ದೆ.

ಅದೇ ವಾರ ಜೀಪನ್ನು ಆಳಂದದ ಒಬ್ಬ ಹಿರಿಯ ಮಿಸ್ತ್ರಿಗೆ ತೋರಿಸಿದೆ. ಡೀಸೆಲ್ ಹೆಚ್ಚು ಕುಡಿಯುತ್ತಿತ್ತು, ಹೊಗೆ ಬರುತ್ತಿತ್ತು, ಎಳೆಯುವ ಶಕ್ತಿ ಇರಲಿಲ್ಲ. ಉಷ್ಣತೆಯ ಮುಳ್ಳು ಕೆಳಗೇ ಮಲಗಿರುತ್ತಿತ್ತು. "ಆದ್ರ ಬಿಸಿ ಆಗಂಗಿಲ್ರಿ" ಎಂದೆ. ಅವರು ನಕ್ಕರು. "ಬಿಸಿ ಆಗಂಗಿಲ್ಲ ಅಂದ್ರ ಆರಾಮ ಅದ ಅಂತಲ್ಲ. ತಣ್ಣಗಿದ್ದೇ ಸವಿಲಿಕತ್ತದ."

ಅಂಗಡಿಯವನು 71 ಡಿಗ್ರಿಯದನ್ನು ಕೊಡಲು ಬಂದ. ನಮ್ಮ ಬಿಸಿಲಿಗೆ ಇದೇ ಛಲೋ ಎಂದ. ಮಿಸ್ತ್ರಿ ಬೇಡವೆಂದರು. ಈ ಎಂಜಿನ್ನಿನ ಪುಸ್ತಕದಲ್ಲಿ 82 ಇದೆ. ನೋಡಬೇಕಾದದ್ದು ಎಂಜಿನ್ನಿಗೆ ಬೇಕಾದ ಬಿಸಿ, ಹೊರಗಿನ ಬಿಸಿಲಲ್ಲ. ಹೊಸದನ್ನು ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತಳ ಮುಟ್ಟದಂತೆ ಇಳಿಬಿಟ್ಟು ಕಾಯಿಸಿದರು. ಥರ್ಮಾಮೀಟರ್ 82ರ ಹತ್ತಿರ ಬಂದಾಗ ಒಳಗಿನ ಮೇಣ ಕರಗಿ ಹಿಗ್ಗಿ ಬಾಗಿಲು ಮೆಲ್ಲಗೆ ತೆರೆಯಿತು. ನೀರು ತಣಿದಾಗ ಸ್ಪ್ರಿಂಗ್ ಅದನ್ನು ಮುಚ್ಚಿತು. ಹಳೆಯ ಗ್ಯಾಸ್ಕೆಟ್ ಕೆರೆದು, ಮೇಣದ ಬದಿ ಎಂಜಿನ್ ಕಡೆಗೆ, ಗಾಳಿ ಹೋಗುವ ಸಣ್ಣ ರಂಧ್ರ ಮೇಲಕ್ಕೆ ಬರುವಂತೆ ಕೂಡಿಸಿದರು. ಬೋರ್‌ವೆಲ್ ನೀರಿನ ಸುಣ್ಣ ಕಟ್ಟಿದ್ದ ರೇಡಿಯೇಟರನ್ನೂ ತೊಳೆಸಿದರು. ಆ ದಿನ ಕುದಿಯಲು ಅದೂ ಒಂದು ಕಾರಣವಾಗಿತ್ತು. ಕಾವಲುಗಾರ ಮಲಗಿದ್ದನೆಂದು ನಾವು ಕಾವಲನ್ನೇ ತೆಗೆದಿದ್ದೆವು!

ಅಲ್ಲೇ ಕುಳಿತಾಗ ಸಂಯುತ್ತ ನಿಕಾಯದ ಕಿಂಸುಕ ಸುತ್ತ ನೆನಪಾಯಿತು. ಗಡಿಯ ಪಟ್ಟಣಕ್ಕೆ ಆರು ಬಾಗಿಲು. ಅಲ್ಲಿನ ಜಾಣ ಕಾವಲುಗಾರ ಗುರುತಿಲ್ಲದವರನ್ನು ತಡೆಯುತ್ತಾನೆ, ಗುರುತಿನವರನ್ನು ಒಳಗೆ ಬಿಡುತ್ತಾನೆ. ಆ ಕಾವಲುಗಾರನೇ ಸತಿ, ಅಂದರೆ ಎಚ್ಚರ ಎಂದು ಭಗವಾನರು ಬಿಡಿಸಿ ಹೇಳಿದರು. ಬಾಗಿಲು ಸದಾ ಮುಚ್ಚಿದ್ದರೆ ಒಳಗೇ ಕುದಿತ. ಕಾವಲೇ ಇಲ್ಲದಿದ್ದರೆ ಕರುಣೆಗೆ ಬೇಕಾದ ಬೆಚ್ಚಗೂ ನಿಲ್ಲುವುದಿಲ್ಲ.

ಬುದ್ಧಘೋಷರು ವಿಸುದ್ಧಿಮಗ್ಗದಲ್ಲಿ ಉಪೇಕ್ಷೆಗೆ ಎರಡು ಬಗೆಯ ಶತ್ರುಗಳನ್ನು ಹೇಳುತ್ತಾರೆ. ರಾಗ-ದ್ವೇಷಗಳು ದೂರದ ಶತ್ರುಗಳು. ಅರಿವಿಲ್ಲದ ಅಲಕ್ಷ್ಯ ಹತ್ತಿರದ ಶತ್ರು. ಅದು ನೋಡಲು ಉಪೇಕ್ಷೆಯಂತೆಯೇ ಇರುತ್ತದೆ. ಅದಕ್ಕೇ ಮೋಸ ಹೋಗುತ್ತೇವೆ. ನಾನು ಮೂರು ವರ್ಷ ಮೋಸ ಹೋಗಿದ್ದೆ. ಸಿಟ್ಟನ್ನು ಗೆದ್ದಿರಲಿಲ್ಲ, ತಮ್ಮನನ್ನೇ ಮನಸ್ಸಿನಿಂದ ಕಿತ್ತು ಹಾಕಿದ್ದೆ.

ಮರುದಿನ ಬೆಳಿಗ್ಗೆ ಜೇವರ್ಗಿಗೆ ಹೊರಟೆ. ಕಟ್ಟಿಸಂಗಾವಿ ಸೇತುವೆಯ ಮೇಲೆ ಭೀಮಾ ನದಿ ದಾಟುವಾಗ ಮುಳ್ಳು ನಡುವಿನಲ್ಲಿ ನಿಂತಿತ್ತು. ನನ್ನ ಎದೆ ಮಾತ್ರ ಡವಡವ ಹೊಡೆಯುತ್ತಿತ್ತು. ತಮ್ಮ ಹೊರಸಿನ ಮೇಲೆ ಕಾಲು ಚಾಚಿ ಕುಳಿತಿದ್ದ. ನನ್ನನ್ನು ನೋಡಿ ಮುಖ ತಿರುಗಿಸಿದ. ಹಳೆಯ ಸಿಟ್ಟು ಏರಿ ಬಂತು. ಏರಿದ್ದು ಗೊತ್ತಾಯಿತು, ಉಸಿರು ನೋಡಿದೆ, ನಿಂತೆ. ಬಹಳ ಹೊತ್ತಿನ ಮೇಲೆ ಅವನೇ ಅಂದ: "ಕೂಡು ಅಣ್ಣಾ. ರೊಟ್ಟಿ ಉಣ್ಣು."

ಬದುವಿನ ಮಾತು ಇನ್ನೂ ಬಗೆಹರಿದಿಲ್ಲ. ಆದರೆ ಈಗ ಮಾತಾಡುತ್ತಿದ್ದೇವೆ.

*ಇಂದಿನ ಅಭ್ಯಾಸ:* ಯಾರ ನೆನಪಾದರೆ ನಿಮಗೆ ಏನೂ ಅನಿಸುವುದಿಲ್ಲವೋ ಅವರನ್ನು ನೆನೆದು ಐದು ನಿಮಿಷ ಕುಳಿತುಕೊಳ್ಳಿ. ಅದು ಶಾಂತಿಯೋ, ಬರೀ ತಣ್ಣಗಾಗಿದೆಯೋ, ನಿಮಗೆ ನೀವೇ ಕೇಳಿಕೊಳ್ಳಿ.

ಭವತು ಸಬ್ಬ ಮಂಗಲಂ
ಸಾಧು, ಸಾಧು, ಸಾಧು 🪷