ಕಾಗದ ಶಾಯಿ ಸಾಲದು

ಕುಂದಾಪುರ, ಬೈಂದೂರು, ಬ್ರಹ್ಮಾವರ, ಮೂರೂ ಕಡೆಯ ಯೌವನಸ್ಥರು ಇವತ್ತು ಒಟ್ಟಿಗೆ ಸೇರಿದ್ದೀರಿ. ಬೆಂಗಳೂರಿಂದ ರಾತ್ರಿ ಬಸ್ಸಲ್ಲಿ ಬಂದು ನೇರ ಇಲ್ಲಿ ಕೂತವರೂ ಇದ್ದೀರಿ. ನಿದ್ದೆ ಬಂದರೆ ಪಕ್ಕದವರು ಮೆಲ್ಲಗೆ ತಟ್ಟಿ. ದೇವರಿಗೆ ಸ್ತೋತ್ರ.

ಸತ್ಯವೇದ ತೆಗೆಯೋಣ. ಮೊಬೈಲಲ್ಲಿ ತೆಗೆದರೂ ಅಡ್ಡಿಯಿಲ್ಲ, ನೋಟಿಫಿಕೇಶನ್ ಮಾತ್ರ ಬಂದ್ ಮಾಡಿ. ಯೋಹಾನನು ಬರೆದ ಎರಡನೆಯ ಪತ್ರಿಕೆ, 12ನೇ ವಚನ. ಇಡೀ ಪತ್ರಿಕೆಗೆ ಇರೋದೇ 13 ವಚನ. ಅಲ್ಲಿ ಯೋಹಾನನು ಹೇಳುವುದರ ಅರ್ಥ ಇಷ್ಟು: ಬರೆಯಬೇಕಾದದ್ದು ಬೇಕಾದಷ್ಟುಂಟು, ಆದರೆ ಅದನ್ನೆಲ್ಲ ಕಾಗದ ಶಾಯಿಗೆ ಒಪ್ಪಿಸಲು ನನಗೆ ಮನಸ್ಸಿಲ್ಲ, ನಾನೇ ಬರುತ್ತೇನೆ, ಎದುರು ಕೂತು ಮಾತಾಡಿದರೇ ನಮ್ಮ ಸಂತೋಷ ತುಂಬುವುದು. ಮೂರನೆಯ ಪತ್ರಿಕೆಯ ಕೊನೆಯಲ್ಲೂ ಇದೇ ಮಾತು.

ಪ್ರಿಯರೇ, ಕಾಗದ ಶಾಯಿ ಅಂದರೆ ಆ ಕಾಲದ ತಂತ್ರಜ್ಞಾನ. ಯೋಹಾನನು ಅದನ್ನು ಬೈಯಲಿಲ್ಲ, ಅದರಲ್ಲೇ ಬರೆದ. ಪೌಲನೂ ಬರೆದ. ಅವರು ಬರೆಯದೇ ಇದ್ದಿದ್ದರೆ ಇವತ್ತು ನಮ್ಮ ಕೈಯಲ್ಲಿ ಏನಿರುತ್ತಿತ್ತು? ಅದಕ್ಕೇ ಮೊಬೈಲೇ ಸೈತಾನ ಅಂತ ಹೇಳುವ ಪ್ರಸಂಗ ನಾನು ಮಾಡೋದಿಲ್ಲ. ನಮ್ಮ ಕರಾವಳಿಯಲ್ಲಿ ಸುವಾರ್ತೆ ಹರಡಿದ್ದೂ ಯಂತ್ರದ ಜೊತೆಗೇ. ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಅದೇ ಮಿಶನ್ನಿನ ಹೆರ್ಮನ್ ಮೋಗ್ಲಿಂಗ್ ಅವರು 1843ರಲ್ಲಿ ಕಲ್ಲಚ್ಚಿನಲ್ಲಿ ‘ಮಂಗಳೂರು ಸಮಾಚಾರ’ ಹೊರಡಿಸಿದರು, ಕನ್ನಡದ ಮೊದಲ ಪತ್ರಿಕೆ. ಅಚ್ಚಿನ ಯಂತ್ರ ಇದೆಯಲ್ಲ ಅಂತ ಅವರು ಮನೆಯಲ್ಲಿ ಕೂರಲಿಲ್ಲ. ಊರೂರಿಗೆ ಹೋದರು, ಜನರ ಭಾಷೆ ಕಲಿತರು, ಜನರ ಎದುರು ನಿಂತು ಮಾತಾಡಿದರು.

ಗಂಗೊಳ್ಳಿಯಲ್ಲಿ ನೋಡಿ. ಬೋಟಿನಲ್ಲಿ ಜಿಪಿಎಸ್ ಉಂಟು, ವಯರ್‌ಲೆಸ್ ಉಂಟು, ಮೀನು ಎಲ್ಲಿದೆ ಅಂತ ತೋರಿಸುವ ಯಂತ್ರವೂ ಉಂಟು. ಎಲ್ಲ ಒಳ್ಳೇದೇ, ಎಷ್ಟೋ ಜೀವ ಉಳಿಸಿದೆ. ಆದರೂ ಗಾಳಿ ಎದ್ದ ದಿವಸ, ವಯರ್‌ಲೆಸ್ಸಲ್ಲಿ ಗಂಡನ ಸ್ವರ ಕೇಳಿತು ಅಂತ ಹೆಂಡತಿ ನೆಮ್ಮದಿಯಿಂದ ಮಲಗುತ್ತಾಳಾ? ಬೋಟು ಅಳಿವೆ ದಾಟಿ ಒಳಗೆ ಬರಬೇಕು, ಅವನ ಮುಖ ಕಾಣಬೇಕು. ಯೋಹಾನನು ಹೇಳಿದ ತುಂಬಿದ ಸಂತೋಷ ಅದೇ.

ಈಗ ನಿಮ್ಮಲ್ಲಿ ಯಾರಾದರೂ ಕೇಳಬಹುದು, ಪಾಸ್ಟರ್, ಯೇಸು ದೂರದಿಂದಲೇ ವಾಸಿ ಮಾಡಲಿಲ್ವಾ? ಮಾಡಿದರು! ಮತ್ತಾಯ 8ನೇ ಅಧ್ಯಾಯ. ಶತಾಧಿಪತಿಯ ಆಳು ಮನೆಯಲ್ಲಿ ಮಲಗಿದ್ದ, ಯೇಸು ಅಲ್ಲಿಗೆ ಹೋಗಲೇ ಇಲ್ಲ, ಮಾತಿನಿಂದಲೇ ಅವನು ಗುಣವಾದ. ಹಾಗಾಗಿ ದುಬೈಯಲ್ಲಿರುವ ತಮ್ಮನಿಗೆ ವೀಡಿಯೊ ಕಾಲ್‌ನಲ್ಲಿ ಪ್ರಾರ್ಥಿಸಿದರೆ ದೇವರು ಕೇಳುತ್ತಾನೆ. ನನಗೆ ಅದರಲ್ಲಿ ಸಂಶಯವೇ ಇಲ್ಲ. ಆದರೆ ಅದೇ ಅಧ್ಯಾಯದಲ್ಲಿ ಅದಕ್ಕೂ ಮೊದಲು ಯಾರು ಬರುತ್ತಾನೆ? ಕುಷ್ಠರೋಗಿ. ಅವನಿಗೂ ಒಂದು ಮಾತು ಸಾಕಿತ್ತು. ಆದರೂ ಯೇಸು ಕೈಚಾಚಿ ಅವನನ್ನು ಮುಟ್ಟಿದರು. ಯಾಕೆ? ಅವನ ರೋಗ ಬರೀ ಚರ್ಮದ್ದಲ್ಲ. ಅವನನ್ನು ಜನ ದೂರ ಇಟ್ಟಿದ್ದರು, ಹತ್ತಿರ ಹೋಗಿ ಮುಟ್ಟುವವರೇ ಇರಲಿಲ್ಲ. ಆ ಗಾಯಕ್ಕೆ ಮಾತು ಸಾಲದು, ಕೈ ಬೇಕು.

ನಮ್ಮ ಪ್ರಾರ್ಥನಾ ಗ್ರೂಪನ್ನು ಸ್ವಲ್ಪ ನೆನಪು ಮಾಡಿ. "ಅಮ್ಮನಿಗೆ ಆಪರೇಶನ್, ಪ್ರಾರ್ಥಿಸಿ" ಅಂತ ಒಂದು ಮೆಸೇಜ್. ಕೆಳಗೆ ಕೈಮುಗಿದ ಇಮೋಜಿ ನಲವತ್ತು. ಆ ನಲವತ್ತರಲ್ಲಿ ಮಂಡಿಯೂರಿದವರು ಎಷ್ಟು? ಆಸ್ಪತ್ರೆಯ ಹೊರಗೆ ಆ ಹುಡುಗನ ಪಕ್ಕ ಒಂದು ಚಾ ಹಿಡಿದುಕೊಂಡು ಕೂತವರು ಎಷ್ಟು? ಬೆರಳಿನಲ್ಲಿ ಆಮೆನ್ ಒತ್ತಿದ ಕೂಡಲೇ ಮನಸ್ಸು ಹೇಳುತ್ತೆ, ನನ್ನ ಕೆಲಸ ಆಯ್ತು. ನಮ್ಮ ತಲೆಮಾರಿಗೆ ದೊಡ್ಡ ಶೋಧನೆ ಇದೇ, ನಂಬಿಕೆ ಬಿಟ್ಟುಬಿಡೋದಲ್ಲ, ನಂಬಿಕೆಯನ್ನು ಒತ್ತಿ ಮುಗಿಸೋದು.

ಇನ್ನೊಂದು ವಿಷಯ, ಇದನ್ನು ನಿಧಾನವಾಗಿ ಹೇಳುತ್ತೇನೆ. ಪಿಜಿ ರೂಮಲ್ಲಿ ರಾತ್ರಿ ಎರಡು ಗಂಟೆ. ಸಾಲದ ಆ್ಯಪ್‌ನವರು ಫೋನ್ ಮೇಲೆ ಫೋನ್, ಅಥವಾ ಕೆಲಸ ಹೋಗಿದೆ, ಅಥವಾ ಪ್ರೀತಿ ಮುರಿದಿದೆ. ಮನೆಗೆ ಹೇಳುವ ಹಾಗಿಲ್ಲ, ಸಭೆಯಲ್ಲಿ ಗೊತ್ತಾದರೆ ನಾಚಿಕೆ. ಆಗ ಚಾಟ್‌ಬಾಟ್ ತೆಗೆದು ಟೈಪ್ ಮಾಡ್ತೀರಿ, "ನಾನು ಯಾಕೆ ಬದುಕಬೇಕು?" ಅದು ಉತ್ತರ ಕೊಡುತ್ತೆ, ವಚನ ಕೂಡ ಕೊಡುತ್ತೆ. ಒಂದೊಂದು ಸಲ ಒಳ್ಳೇ ಮಾತೇ ಹೇಳುತ್ತೆ. ಆದರೆ ಅದು ಬೈಂದೂರಿನ ಬಸ್ಸು ಹತ್ತಿ ನಿಮ್ಮ ಬಾಗಿಲಿಗೆ ಬರೋದಿಲ್ಲ, ಮಗನೇ. ನಿಮ್ಮ ತಲೆಯ ಮೇಲೆ ಕೈಯಿಡಲು ಅದಕ್ಕೆ ಕೈಯಿಲ್ಲ. ಊರಿಗೆ ಒಂದು ಫೋನ್ ಮಾಡಿ ನೋಡಿ, ನೀವು ಏನೂ ಹೇಳುವ ಮೊದಲೇ ಅಮ್ಮ ಕೇಳುತ್ತಾಳೆ, "ಎಂತ ಮಗಾ, ಸ್ವರ ಎಂತಕೆ ಹಾಂಗಿತ್ತ್?"

ಯಾಕೋಬನ ಪತ್ರಿಕೆ 5ನೇ ಅಧ್ಯಾಯ, 14ನೇ ವಚನ. ಅಸ್ವಸ್ಥನಾದವನು ಸಭೆಯ ಹಿರಿಯರನ್ನು ಕರೆಸಬೇಕು, ಅವರು ಬಂದು ಎಣ್ಣೆ ಹಚ್ಚಿ ಪ್ರಾರ್ಥಿಸಬೇಕು ಅಂತ ಅಲ್ಲಿದೆ. ಕರೆಸಬೇಕು! ಆದ್ದರಿಂದ ಕರೆಯಿರಿ. ರಾತ್ರಿ ಎರಡಾಗಲಿ ಮೂರಾಗಲಿ ನನ್ನನ್ನು ಕರೆಯಿರಿ, ನಿಮ್ಮ ಯೂತ್ ಲೀಡರನ್ನು ಕರೆಯಿರಿ. ಹಿರಿಯರೇ, ನೀವು ಮೊದಲು ಹೋಗಿ ಅವನ ಪಕ್ಕ ಕೂತುಕೊಳ್ಳಿ, ಬುದ್ಧಿವಾದ ಆಮೇಲೆ ಹೇಳಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಂಟು, ಕನ್ನಡದಲ್ಲೂ ಮಾತಾಡ್ತಾರೆ. ಅಲ್ಲಿಗೆ ಫೋನ್ ಮಾಡಿದರೆ, ಡಾಕ್ಟರ ಹತ್ತಿರ ಹೋದರೆ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳಿದರೆ ಅವರನ್ನು ನನ್ನ ಹತ್ತಿರ ಕಳಿಸಿ.

ಸರಳ ನಂಬಿಕೆ ಅಂದರೆ ಹಳೇ ಫೋನ್ ಇಟ್ಟುಕೊಳ್ಳೋದಲ್ಲ. ನಮ್ಮ ದೇವರು ಪ್ರವಾದಿಗಳ ಮೂಲಕ ಎಷ್ಟೋ ಸಂದೇಶ ಕಳಿಸಿದನು, ಅಷ್ಟಕ್ಕೇ ನಿಲ್ಲಲಿಲ್ಲ. ತಾನೇ ರಕ್ತಮಾಂಸ ಧರಿಸಿ ಬಂದನು. ಹಸಿದನು, ದಣಿದನು, ಬೋಟಿನಲ್ಲಿ ತಲೆದಿಂಬಿಗೆ ಒರಗಿ ನಿದ್ದೆ ಮಾಡಿದನು. ಶಿಲುಬೆಯಲ್ಲಿ ಮೊಳೆ ಹೊಡೆದದ್ದು ನಿಜವಾದ ಕೈಗೆ. ಹಲ್ಲೆಲೂಯ!

ಹಾಸಿಗೆ ಹಿಡಿದ ಅಜ್ಜಿ ಮನೆಯಲ್ಲಿ ಕೂತು ನಮ್ಮ ಲೈವ್ ನೋಡುತ್ತಾರೆ, ದೇವರು ಅವರನ್ನು ಆಶೀರ್ವದಿಸಲಿ. ಆದರೆ ತಿಂಗಳಿಗೊಮ್ಮೆ ರೊಟ್ಟಿ ಮತ್ತು ಪಾತ್ರೆ ಹಿಡಿದುಕೊಂಡು ಆ ಅಜ್ಜಿಯ ಮನೆಗೆ ಹೋಗಬೇಕಾದ್ದು ನಾವು. ಬ್ರಹ್ಮಾವರದವರು ಇಬ್ಬರು, ಬೈಂದೂರಿನವರು ಇಬ್ಬರು, ಕುಂದಾಪುರದವರು ಇಬ್ಬರು ಇವತ್ತೇ ಹೆಸರು ಕೊಡಿ. ಬೈಕಿಗೆ ಪೆಟ್ರೋಲ್ ಸಭೆಯ ಲೆಕ್ಕದಲ್ಲಿ.

ಈಗ ಎಲ್ಲರೂ ಎದ್ದು ನಿಲ್ಲಿ. ಫೋನ್ ಜೇಬಿಗೆ ಹಾಕಿ. ಈ ವಾರ ಯಾರ ಮೆಸೇಜಿಗೆ ಇಮೋಜಿ ಒತ್ತಿದ್ದೀರೋ ಅವರು ಇಲ್ಲೇ ಇದ್ದರೆ ಹುಡುಕಿಕೊಂಡು ಹೋಗಿ, ಕೈ ಹಿಡಿದು ಕೇಳಿ, "ಈಗ ಹೇಗಿದ್ದೀ?" ಅವರು ಹೇಳಿ ಮುಗಿಸುವ ತನಕ ಕೇಳಿ. ಆಮೇಲೆ ಒಟ್ಟಿಗೆ ಪ್ರಾರ್ಥಿಸೋಣ. ಅವಸರವಿಲ್ಲ, ನಾನು ಕಾಯುತ್ತೇನೆ.