ಯಾರ ಮಾತು, ಯಾರ ಪೆಟ್ಟಿಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ: ನನ್ನ ಪಿಎಚ್‌ಡಿಯ ಕ್ಷೇತ್ರಕಾರ್ಯ ನಡೆಯುತ್ತಿರುವುದು ಈ ಐದು ತಾಲೂಕುಗಳಲ್ಲಿ. ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿದ ಕರ್ನಾಟಕದ ಕಾಯ್ದೆ 1982ರದು. ಅದಕ್ಕೂ ಮೊದಲೇ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಈಗ ಅಜ್ಜಿಯರು. ಮೊಮ್ಮಕ್ಕಳಿಗೂ ಹೇಳದ ಮಾತು ಹೇಳಿ, “ಯವ್ವಾ, ಇದು ನಿನ್ನೊಳಗ ಇರ್ಲಿ” ಎನ್ನುತ್ತಾರೆ. ಆ ಮಾತನ್ನು ಬರೆದು ಮಾರ್ಗದರ್ಶಕರಿಗೆ ಇಮೇಲ್ ಮಾಡಿದರೆ, ಅದು ನನ್ನೊಳಗೇ ಉಳಿಯಿತೆನ್ನಬಹುದೆ?

ವಿದ್ಯಾಸಂಸ್ಥೆಯೊಂದು ತನ್ನ ಮೇಲ್ ಸರ್ವರ್‌ಗೆ ಯಾವ ತಂತ್ರಾಂಶ ಆರಿಸಬೇಕು ಎಂಬುದು ಕಂಪ್ಯೂಟರ್ ವಿಭಾಗದವರ ತಲೆನೋವು ಎಂದುಕೊಳ್ಳುತ್ತೇವೆ. ಆದರೆ ಆ ಆಯ್ಕೆಯಲ್ಲಿ ನಂಬಿಕೆಯ ಬಗೆಗಿನ ಒಂದು ನಿಲುವು ಅಡಗಿರುತ್ತದೆ. ಒಂದು ಕಾಲಕ್ಕೆ ಅಂತರ್ಜಾಲದ ಅಂಚೆಯ ಬಹುಪಾಲನ್ನು ಹೊತ್ತಿದ್ದ ಸೆಂಡ್‌ಮೇಲ್ ಒಂದೇ ದೊಡ್ಡ ಪ್ರೋಗ್ರಾಮು. ಇಡೀ ಯಂತ್ರದ ಮೇಲೆ ಅದಕ್ಕೆ ಯಜಮಾನಿಕೆ. 1988ರ ನವೆಂಬರಿನಲ್ಲಿ ಮಾರಿಸ್ ವರ್ಮ್ ಹರಡಿದಾಗ ನುಗ್ಗಿದ ದಾರಿಗಳಲ್ಲಿ ಸೆಂಡ್‌ಮೇಲ್‌ನ ಒಂದು ಲೋಪವೂ ಇತ್ತು. ಐಬಿಎಂನಲ್ಲಿದ್ದ ವೀಟ್ಸೆ ವೆನೆಮಾ ಬರೆದ, 1998ರಲ್ಲಿ ಹೊರಬಂದ ಪೋಸ್ಟ್‌ಫಿಕ್ಸ್ ಬೇರೆ ದಾರಿ ಹಿಡಿಯಿತು. ಪತ್ರ ಪಡೆಯಲು, ವಿಂಗಡಿಸಲು, ತಲುಪಿಸಲು ಬೇರೆ ಬೇರೆ ಸಣ್ಣ ಪ್ರೋಗ್ರಾಮುಗಳು. ಒಂದೊಂದಕ್ಕೂ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಯಾರೂ ಕೆಡುವುದಿಲ್ಲ ಎಂದು ನಂಬಿ ಕೂರುವ ಬದಲು, ಒಬ್ಬರು ಕೆಟ್ಟರೂ ಮನೆ ಉಳಿಯುವಂತೆ ಕಟ್ಟುವುದು ಇದರ ವಿವೇಕ.

ಆದರೆ ಕಳ್ಳನ ಪ್ರಶ್ನೆ ಬೇರೆ, ಕಾವಲುಗಾರನ ಪ್ರಶ್ನೆ ಬೇರೆ. ಎರಡು ಸರ್ವರುಗಳ ನಡುವಿನ ದಾರಿಯನ್ನು ಟಿಎಲ್‌ಎಸ್ ಗೂಢಲಿಪಿ ಕಾಯುತ್ತದೆ. ಅದು ಅಂಚೆಚೀಲದ ಅರಗಿನ ಮುದ್ರೆಯಿದ್ದಂತೆ. ಚೀಲ ಬಿಚ್ಚಿದ ಕಚೇರಿಯಲ್ಲಿ ಒಳಗಿನದು ಪೋಸ್ಟ್‌ಕಾರ್ಡೇ. ಸರ್ವರ್ ನಡೆಸುವವರು ಬಯಸಿದರೆ ಓದಬಹುದು.

ಹಾಗಾದರೆ ಸರ್ವರ್ ನಮ್ಮ ಕ್ಯಾಂಪಸ್ಸಿನಲ್ಲೇ ಇರಲಿ ಎನ್ನಬಹುದು. 2021ರ ಮಾರ್ಚ್‌ನಲ್ಲಿ ಬೆಳಕಿಗೆ ಬಂದ ದಾಳಿಯಲ್ಲಿ ಸಂಸ್ಥೆಗಳು ತಾವೇ ನಡೆಸುತ್ತಿದ್ದ ಮೈಕ್ರೋಸಾಫ್ಟ್ ಎಕ್ಸ್‌ಚೇಂಜ್ ಸರ್ವರುಗಳಿಗೆ ಜಗತ್ತಿನಾದ್ಯಂತ ಕನ್ನ ಬಿತ್ತು. ಅದೇ ಕಂಪನಿಯ ಕ್ಲೌಡ್ ಮೇಲ್ ಪಾರಾಯಿತು. ಹತ್ತಿರದ ಬೀಗ ಗಟ್ಟಿಯೇ ಇರಬೇಕೆಂದಿಲ್ಲ. ದೊಡ್ಡ ಕಂಪನಿ ಕಳ್ಳನನ್ನು ಚೆನ್ನಾಗಿ ತಡೆಯಬಹುದು. ಆದರೆ ಆಗ ಕೀಲಿಕೈ ಆ ಕಂಪನಿಯ ಬಳಿ.

ಇಲ್ಲಿಯೇ ನನ್ನ ನೈತಿಕ ತೊಡಕು. ಆ ಅಜ್ಜಿ ನಂಬಿದ್ದು ನನ್ನನ್ನು, ಸರ್ವರ್ ನಡೆಸುವವರನ್ನಲ್ಲ. ನಂಬಿಕೆ ಪಹಣಿಯಲ್ಲ, ಒಬ್ಬರ ಹೆಸರಿನಿಂದ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲು. ನನ್ನ ಗುಟ್ಟನ್ನು ಅಪಾಯಕ್ಕೊಡ್ಡುವ ಹಕ್ಕು ನನಗಿದೆ, ಆಕೆಯದನ್ನು ಒಡ್ಡುವ ಹಕ್ಕಿಲ್ಲ. ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರವೂ ಇದನ್ನು ಬಗೆಹರಿಸದು. ಸರ್ವರ್ ಎಂದರೇನೆಂದು ತಿಳಿಸದೆ ಪಡೆದ ಒಪ್ಪಿಗೆ ಯಾವುದಕ್ಕೆ ಒಪ್ಪಿಗೆ?

ಓಪನ್‌ಪಿಜಿಪಿಯಂಥ ವಿಧಾನದಿಂದ ಪತ್ರವನ್ನು ಕಳಿಸುವ ಮೊದಲೇ ಮುಚ್ಚಬಹುದು. ಆಗ ಸರ್ವರ್ ಹೊರುತ್ತದೆ, ಓದಲಾರದು. ಆದರೂ ಯಾರಿಂದ ಯಾರಿಗೆ, ಯಾವಾಗ ಎಂಬುದು ಲಕೋಟೆಯ ಮೇಲಿನ ವಿಳಾಸದಂತೆ ಹೊರಗೇ ಉಳಿಯುತ್ತದೆ. ಆದ್ದರಿಂದ ಹೆಸರು, ಊರು, ಕೇರಿಯನ್ನು ನಾನು ಮೇಲ್‌ನಲ್ಲಿ ಬರೆಯುವುದಿಲ್ಲ. ಅವು ಕೈಬರಹದ ಪುಸ್ತಕದಲ್ಲಿವೆ.

ಸರ್ವರ್ ಆರಿಸುವವರು ವೇಗ, ಬೆಲೆ, ಜಾಗ ಎಲ್ಲವನ್ನೂ ಕೇಳಲಿ. ಅದಕ್ಕೂ ಮೊದಲು ಕೇಳಬೇಕಾದ್ದೊಂದಿದೆ: ನಾವೇ ಬಯಸಿದರೂ ಓದಲಾಗದಂತೆ ಇರಬೇಕಾದ ಪತ್ರಗಳು ಯಾರವು?