ಶಿಬಿರಕ್ಕೆ ಹೊರಟ ಮಗುವೂ ಮನೆಯಲ್ಲುಳಿದ ನಾವೂ



ಏಪ್ರಿಲ್ ತಿಂಗಳು ಬಂತೆಂದರೆ ಶಾಲೆಗಳಿಗೆ ಬೀಗ ಬೀಳುತ್ತದೆ. ಮಕ್ಕಳ ಮನಸ್ಸು ಮಾವಿನ ಮರ, ಕ್ರಿಕೆಟ್ ಮೈದಾನ, ಅಜ್ಜಿಯ ಮನೆ ಎಂದು ಹಾರಾಡುತ್ತದೆ. ಇದೇ ದಿನಗಳಲ್ಲಿ ಮಸೀದಿಯ ಫಲಕದಲ್ಲಿ ಒಂದು ಪ್ರಕಟಣೆಯೂ ಕಾಣಿಸಿಕೊಳ್ಳುತ್ತದೆ: ಮಕ್ಕಳಿಗಾಗಿ ಹತ್ತು ದಿನಗಳ ವಸತಿ ಸಹಿತ ಬೇಸಿಗೆ ಶಿಬಿರ. ಜುಮಾ ನಮಾಝ್ ಮುಗಿಸಿ ಮನೆಗೆ ಬಂದ ತಂದೆ, "ಈ ಸಲ ಇವನನ್ನು ಕಳುಹಿಸೋಣ, ಸ್ವಲ್ಪ ದೀನ್ ಕಲಿಯಲಿ" ಎನ್ನುತ್ತಾರೆ. "ರಾತ್ರಿ ನನ್ನ ಪಕ್ಕದಲ್ಲಿಲ್ಲದಿದ್ದರೆ ಅವನಿಗೆ ನಿದ್ದೆಯೇ ಬರುವುದಿಲ್ಲವಲ್ಲ" ಎಂದು ತಾಯಿ ಮರುಗುತ್ತಾರೆ. ಯಾರ ಬಗ್ಗೆ ಈ ಮಾತು ನಡೆಯುತ್ತಿದೆಯೋ ಆ ಮಗು ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ಅದನ್ನು ಮಾತ್ರ ಯಾರೂ ಕೇಳುವುದಿಲ್ಲ.

ಶುಲ್ಕ ಕಟ್ಟುತ್ತೇವೆ, ಹೊಸ ಬ್ಯಾಗ್ ಕೊಳ್ಳುತ್ತೇವೆ, ಬಟ್ಟೆ ತುಂಬುತ್ತೇವೆ. ಸಿದ್ಧತೆ ಮುಗಿಯಿತೆಂದು ತಿಳಿಯುತ್ತೇವೆ. ಆದರೆ ಮಗುವಿನ ಮನಸ್ಸು ಸಿದ್ಧವಾಗಿದೆಯೇ? ಅದಕ್ಕಿಂತಲೂ ಮುಖ್ಯವಾಗಿ, ಹತ್ತು ದಿನ ಕಳೆದು ಮರಳಿ ಬರುವ ಮಗುವನ್ನು ಬರಮಾಡಿಕೊಳ್ಳಲು ನಮ್ಮ ಮನೆ ಸಿದ್ಧವಾಗಿದೆಯೇ?

ಮೊದಲು ಉದ್ದೇಶ ಸರಿಯಾಗಲಿ

ಕರ್ಮಗಳ ಬೆಲೆ ಅವುಗಳ ಹಿಂದಿರುವ ಉದ್ದೇಶದಲ್ಲಿದೆ ಎಂಬುದು ಪ್ರವಾದಿವರ್ಯರು(ಸ) ನಮಗೆ ಕಲಿಸಿದ ಮೊದಲ ಪಾಠಗಳಲ್ಲೊಂದು. ಆದ್ದರಿಂದ ಮಗುವನ್ನು ಯಾಕೆ ಕಳುಹಿಸುತ್ತಿದ್ದೇವೆಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ. "ಮನೆಯಲ್ಲಿ ಇವನ ಗಲಾಟೆ ತಡೆಯಲಾಗುವುದಿಲ್ಲ, ಹತ್ತು ದಿನವಾದರೂ ನೆಮ್ಮದಿಯಿಂದಿರಬಹುದು" ಎಂದು ಕೆಲವರು ಕಳುಹಿಸುತ್ತಾರೆ. "ಹೇಳಿದ ಮಾತು ಕೇಳದಿದ್ದರೆ ಶಿಬಿರಕ್ಕೆ ಹಾಕಿಬಿಡುತ್ತೇನೆ, ಅಲ್ಲಿ ಉಸ್ತಾದರು ಸರಿ ಮಾಡುತ್ತಾರೆ" ಎಂದು ಇನ್ನು ಕೆಲವರು ಹೆದರಿಸುತ್ತಾರೆ. ಧರ್ಮ ಕಲಿಯುವ ಜಾಗವನ್ನು ಜೈಲಿನಂತೆ ತೋರಿಸಿದರೆ ಮಗು ಧರ್ಮವನ್ನು ಪ್ರೀತಿಸುವುದಾದರೂ ಹೇಗೆ? ಮಗು ನಮಗೆ ಅಲ್ಲಾಹನು ವಹಿಸಿದ ಅಮಾನತ್ತು. ಆ ಅಮಾನತ್ತಿನ ಒಳಿತಿಗಾಗಿ, ಅಲ್ಲಾಹನ ಸಂಪ್ರೀತಿಗಾಗಿ ಕಳುಹಿಸುತ್ತೇವೆ ಎಂಬ ಸಂಕಲ್ಪ ಇರಲಿ.

ಇಪ್ಪತ್ತು ದಿನಗಳ ಅತಿಥಿಗಳು

ಮನೆ ಬಿಟ್ಟು ಹೋಗಿ ಕೆಲವು ದಿನ ಒಟ್ಟಿಗೆ ತಂಗಿ ಕಲಿಯುವುದು ಇಂದಿನವರು ಕಂಡುಹಿಡಿದ ಪದ್ಧತಿಯೇನೂ ಅಲ್ಲ. ಮಾಲಿಕ್ ಬಿನ್ ಹುವೈರಿಸ್(ರ) ಎಂಬ ಸಹಾಬಿ ತಮ್ಮ ಅನುಭವವನ್ನು ಹೇಳಿರುವುದು ಸಹೀಹ್ ಬುಖಾರಿಯಲ್ಲಿದೆ. ಅವರೂ ಅವರದೇ ಪ್ರಾಯದ ಕೆಲವು ಯುವಕರೂ ಮದೀನಕ್ಕೆ ಬಂದು ಪ್ರವಾದಿವರ್ಯರ(ಸ) ಬಳಿ ಇಪ್ಪತ್ತು ದಿನ ತಂಗಿದ್ದರು. ಪ್ರವಾದಿವರ್ಯರು(ಸ) ಅವರೊಂದಿಗೆ ಬಹಳ ಕರುಣೆಯಿಂದಲೂ ಮೃದುತ್ವದಿಂದಲೂ ವರ್ತಿಸಿದರು. ದಿನಗಳು ಕಳೆದಂತೆ ಆ ಯುವಕರಿಗೆ ಮನೆಯ ನೆನಪು ಕಾಡತೊಡಗಿತು. ಅದನ್ನು ಪ್ರವಾದಿವರ್ಯರೇ(ಸ) ಗುರುತಿಸಿದರು. ಊರಿನಲ್ಲಿ ಯಾರನ್ನು ಬಿಟ್ಟು ಬಂದಿದ್ದೀರಿ ಎಂದು ಒಬ್ಬೊಬ್ಬರನ್ನೂ ವಿಚಾರಿಸಿಕೊಂಡರು. ಬಳಿಕ, ನಿಮ್ಮ ಮನೆಯವರ ಬಳಿಗೆ ಮರಳಿರಿ, ಅವರೊಂದಿಗಿದ್ದು ಅವರಿಗೆ ಕಲಿಸಿರಿ ಎಂದು ಕಳುಹಿಸಿಕೊಟ್ಟರು. ನಾನು ನಮಾಝ್ ಮಾಡುವುದನ್ನು ನೀವು ಕಂಡಂತೆಯೇ ನಮಾಝ್ ಮಾಡಿರಿ, ವೇಳೆಯಾದಾಗ ಒಬ್ಬರು ಅಝಾನ್ ಕೊಡಲಿ, ಹಿರಿಯರು ಇಮಾಮರಾಗಲಿ ಎಂದೂ ಸೂಚಿಸಿದರು.

ಇಡೀ ಅರೇಬಿಯಾದ ಜವಾಬ್ದಾರಿ ಹೊತ್ತಿದ್ದ ಮಹಾನ್ ವ್ಯಕ್ತಿ ಕೆಲವು ಹುಡುಗರ ಮುಖದಲ್ಲಿ ಮನೆಯ ಹಂಬಲವನ್ನು ಓದಿದರು. ಅದನ್ನು ಈಮಾನಿನ ಕೊರತೆಯೆಂದು ಅವರು ಹೇಳಲಿಲ್ಲ. ಹುಡುಗರಾಗಿ ಅಳುವುದೇ ಎಂದು ಹಂಗಿಸಲಿಲ್ಲ. ಶಿಬಿರ ನಡೆಸುವವರಿಗೂ ಕಳುಹಿಸುವ ತಂದೆತಾಯಿಗೂ ಇದರಲ್ಲಿ ಪಾಠವಿದೆ. ಮನೆ ನೆನಪಾದರೆ ಅದು ತಪ್ಪಲ್ಲ ಎಂಬುದನ್ನು ಹೊರಡುವ ಮೊದಲೇ ಮಗುವಿಗೆ ತಿಳಿಸಿರಿ. "ಮೊದಲ ಎರಡು ಮೂರು ರಾತ್ರಿ ನಿನಗೆ ಅಳು ಬರಬಹುದು. ಬಂದರೆ ಮೇಲ್ವಿಚಾರಕರಿಗೆ ಹೇಳು, ಅಲ್ಲಾಹನಲ್ಲಿ ಹೇಳಿಕೋ. ನಮಗೂ ನಿನ್ನ ನೆನಪಾಗುತ್ತದೆ" ಎಂದು ಹೇಳಿದರೆ ಮಗುವಿಗೆ ಧೈರ್ಯ ಬರುತ್ತದೆ.

ಸುಳ್ಳು ಹೇಳಿ ಬಿಟ್ಟು ಬರಬೇಡಿ

ಇಲ್ಲಿ ನನ್ನದೇ ತಪ್ಪೊಂದನ್ನು ಹೇಳಿಕೊಳ್ಳಬೇಕಾಗಿದೆ. ಹಲವು ವರ್ಷಗಳ ಹಿಂದೆ ನನ್ನ ಮಗನನ್ನು ಮೊದಲ ಬಾರಿಗೆ ಶಿಬಿರಕ್ಕೆ ಕರೆದೊಯ್ದಾಗ ಅವನಿಗೆ ಒಂಬತ್ತು ವರ್ಷ. ಅವನು ಹಟ ಮಾಡಿಯಾನೆಂದು ಹೆದರಿ, "ಸುಮ್ಮನೆ ನೋಡಿಕೊಂಡು ಬರೋಣ" ಎಂದು ಕರೆದುಕೊಂಡು ಹೋದೆ. ಅವನು ವುಝೂ ಮಾಡಲು ಹೋದಾಗ ಬ್ಯಾಗನ್ನು ಮೇಲ್ವಿಚಾರಕರ ಕೈಗೆ ಕೊಟ್ಟು ಹಿಂದಿನ ಬಾಗಿಲಿನಿಂದ ಹೊರಟು ಬಂದೆ. ಶಿಬಿರದವರು ಅವನನ್ನು ಪ್ರೀತಿಯಿಂದಲೇ ನೋಡಿಕೊಂಡರು. ಅವನು ಕಲಿತೂ ಬಂದ. ಆದರೆ ಬಂದ ಮೇಲೆ ಹಲವು ತಿಂಗಳ ಕಾಲ ನಾನು ಅಂಗಡಿಗೆ ಹೊರಟರೂ ನನ್ನ ಅಂಗಿ ಹಿಡಿದು, "ನಿಜವಾಗಿಯೂ ಬರುತ್ತೀರಾ ಅಬ್ಬಾ?" ಎಂದು ಕೇಳುತ್ತಿದ್ದ. ಸತ್ಯ ಹೇಳಬೇಕೆಂಬ ಪಾಠವನ್ನು ಅವನು ಶಿಬಿರದಲ್ಲಿ ಕಲಿತಿದ್ದ. ಆ ಪಾಠ ಕೇಳಲು ನಾನೇ ಸುಳ್ಳು ಹೇಳಿ ಅವನನ್ನು ಕಳುಹಿಸಿದ್ದೆ.

ಒಬ್ಬ ತಾಯಿ ತನ್ನ ಪುಟ್ಟ ಮಗುವನ್ನು, ಬಾ, ನಿನಗೊಂದು ವಸ್ತು ಕೊಡುತ್ತೇನೆ ಎಂದು ಕರೆದರು. ಪ್ರವಾದಿವರ್ಯರು(ಸ) ಅಲ್ಲೇ ಇದ್ದರು. ಏನು ಕೊಡಲಿದ್ದೀರಿ ಎಂದು ವಿಚಾರಿಸಿದರು. ಖರ್ಜೂರ ಎಂದು ಆಕೆ ಉತ್ತರಿಸಿದಾಗ, ಏನನ್ನೂ ಕೊಡದಿರುತ್ತಿದ್ದರೆ ನಿಮ್ಮ ಮೇಲೆ ಒಂದು ಸುಳ್ಳು ದಾಖಲಾಗುತ್ತಿತ್ತು ಎಂದು ಎಚ್ಚರಿಸಿದರು. ಸುನನ್ ಅಬೂದಾವೂದ್‌ನಲ್ಲಿರುವ ಈ ಹದೀಸನ್ನು ನಾನು ಎಷ್ಟೋ ಸಲ ಇತರರಿಗೆ ಹೇಳಿದ್ದೆ. ಒಂದು ಖರ್ಜೂರದ ವಿಷಯದಲ್ಲೇ ಇಷ್ಟು ಎಚ್ಚರ ಬೇಕಾದರೆ ಹತ್ತು ರಾತ್ರಿಗಳ ವಿಷಯದಲ್ಲಿ ಹೇಗಿರಬೇಕು?

ಆದ್ದರಿಂದ ಎಷ್ಟು ದಿನ, ಎಲ್ಲಿ, ಯಾರೊಂದಿಗೆ ಎಂಬುದನ್ನು ಸ್ಪಷ್ಟವಾಗಿ ಹೇಳಿರಿ. ಕ್ಯಾಲೆಂಡರ್‌ನಲ್ಲಿ ಹೋಗುವ ದಿನ, ಬರುವ ದಿನ ಎರಡನ್ನೂ ಗುರುತು ಹಾಕಿ ತೋರಿಸಿರಿ. ಭಾನುವಾರ ಅಸರ್ ಬಳಿಕ ಬರುತ್ತೇನೆಂದು ಹೇಳಿದ್ದರೆ ಅಸರ್ ಬಳಿಕ ಅಲ್ಲಿರಿ.

ಮಗುವಿನ ಅಭಿಪ್ರಾಯವನ್ನೂ ಕೇಳಿರಿ. ಹ. ಇಬ್ರಾಹೀಮ್(ಅ) ಅವರಿಗೆ ಮಗನನ್ನು ಬಲಿ ಕೊಡುವ ಕನಸು ಬಿದ್ದಾಗಲೂ ಅವರು ಹೇಳದೆ ಕೇಳದೆ ಕರೆದೊಯ್ಯಲಿಲ್ಲ. ಕಂಡದ್ದನ್ನು ಇದ್ದಂತೆ ತಿಳಿಸಿ, ನಿನಗೇನನ್ನಿಸುತ್ತದೆ ಎಂದು ಮಗನನ್ನೇ ಕೇಳಿದರೆಂದು ಪವಿತ್ರ ಕುರ್‌ಆನ್‌ನ ಅಸ್ಸಾಫ್ಫಾತ್ ಅಧ್ಯಾಯ ತಿಳಿಸುತ್ತದೆ. ಕೇಳಿಸಿಕೊಂಡ ಮಗ ಸಹನೆಯಿಂದ ಒಪ್ಪಿದರು. ನಮ್ಮ ಮಗು ಈ ವರ್ಷ ಬೇಡವೆಂದು ನಿಜವಾಗಿಯೂ ಅಂಜಿದರೆ ಮುಂದಿನ ವರ್ಷ ಕಳುಹಿಸಬಹುದು. ಅಷ್ಟರೊಳಗೆ ಅಜ್ಜಿಯ ಮನೆಯಲ್ಲೋ ಚಿಕ್ಕಮ್ಮನ ಮನೆಯಲ್ಲೋ ಒಂದೆರಡು ರಾತ್ರಿ ಇದ್ದು ಅಭ್ಯಾಸವಾಗಲಿ.

ಕೈಗೆ ಕೆಲಸ, ಮನಸ್ಸಿಗೆ ಧೈರ್ಯ

ಶಿಬಿರಕ್ಕೆ ಒಂದು ತಿಂಗಳು ಮೊದಲೇ ಮನೆಯಲ್ಲಿ ಅಭ್ಯಾಸ ಆರಂಭವಾಗಲಿ. ತಾನು ಉಂಡ ತಟ್ಟೆಯನ್ನು ತಾನೇ ತೊಳೆಯುವುದು, ಹಾಸಿಗೆ ಮಡಚುವುದು, ಒಳಬಟ್ಟೆ ಒಗೆದು ಒಣಗಿಸುವುದು, ಸರಿಯಾಗಿ ಶೌಚ ಮಾಡಿ ಶುಚಿಯಾಗುವುದು, ನೀರು ಪೋಲು ಮಾಡದೆ ವುಝೂ ಮಾಡುವುದು ಇವೆಲ್ಲ ಬರಬೇಕು. ಗಂಡು ಮಕ್ಕಳಿಗೆ ಇದೆಲ್ಲ ಬೇಡವೆಂದು ಕೆಲವು ಉಮ್ಮಂದಿರು ತಿಳಿದಿದ್ದಾರೆ. ಪ್ರವಾದಿವರ್ಯರು(ಸ) ಮನೆಯಲ್ಲಿ ಮನೆಯವರ ಕೆಲಸಗಳಲ್ಲಿ ನೆರವಾಗುತ್ತಿದ್ದರೆಂದು ಹ. ಆಯಿಶಾ(ರ) ಹೇಳಿದ್ದಾರೆ.

ಬ್ಯಾಗಿನಲ್ಲಿ ಹಳೆಯ, ಪರಿಚಿತ ಬಟ್ಟೆಗಳಿರಲಿ. ಮನೆಯಲ್ಲಿ ಹೊದೆಯುತ್ತಿದ್ದ ಹೊದಿಕೆಯನ್ನೇ ಕೊಡಿ, ಅದರಲ್ಲಿ ಮನೆಯ ವಾಸನೆಯಿರುತ್ತದೆ. ಎಲ್ಲದರ ಮೇಲೂ ಹೆಸರು ಬರೆಯಿರಿ. ಬೆಲೆಬಾಳುವ ವಸ್ತು, ಹೆಚ್ಚು ಹಣ ಬೇಡ. ಬಡ ಮನೆಯ ಮಗುವಿನೆದುರು ನಿಮ್ಮ ಮಗು ಬೀಗುವಂತಾಗಬಾರದು. ಲುಕ್ಮಾನರು ತಮ್ಮ ಮಗನಿಗೆ ನೀಡಿದ ಉಪದೇಶದಲ್ಲಿ ನಮಾಝ್ ಮತ್ತು ಸಹನೆಯ ಜೊತೆಗೆ ಜನರೆದುರು ಅಹಂಕಾರ ಪಡಬಾರದು, ದನಿ ಏರಿಸಬಾರದು ಎಂಬ ಮಾತುಗಳೂ ಇವೆ.

ಮದ್ದು ಇದ್ದರೆ ಯಾವಾಗ, ಎಷ್ಟು ಎಂದು ಚೀಟಿಯಲ್ಲಿ ಬರೆದು ಮೇಲ್ವಿಚಾರಕರ ಕೈಗೇ ಕೊಡಿ. ಯಾವ ಆಹಾರ ಆಗದು ಎಂಬುದನ್ನೂ ಬರೆಯಿರಿ. ರಾತ್ರಿ ಹಾಸಿಗೆ ಒದ್ದೆ ಮಾಡುವ ಅಭ್ಯಾಸವಿದ್ದರೆ ಮುಚ್ಚಿಡಬೇಡಿ, ಮೇಲ್ವಿಚಾರಕರಿಗೆ ಗುಟ್ಟಾಗಿ ತಿಳಿಸಿರಿ. ಮಸೀದಿಯೊಳಗೇ ಮೂತ್ರ ಮಾಡಿದ ಗ್ರಾಮೀಣನೊಬ್ಬನನ್ನು ಜನರು ಗದರಿಸಹೊರಟಾಗ ಪ್ರವಾದಿವರ್ಯರು(ಸ) ತಡೆದು, ಅಲ್ಲಿಗೆ ನೀರು ಹೊಯ್ಯಲು ಹೇಳಿದರಷ್ಟೆ. ಒಂದು ಮಗುವಿನ ಮಾನವನ್ನು ನಾವು ಕಾಪಾಡಲಾರೆವೇ? ಪ್ರಾಯಕ್ಕೆ ಬರುತ್ತಿರುವ ಹೆಣ್ಣು ಮಕ್ಕಳಿಗೆ ಮುಟ್ಟಿನ ವಿಷಯವನ್ನು ತಾಯಂದಿರು ಮೊದಲೇ ತಿಳಿಸಿ, ಬೇಕಾದುದನ್ನು ಬ್ಯಾಗಿನಲ್ಲಿಡಲಿ.

ಭರವಸೆಯೂ ಇರಲಿ, ವಿಚಾರಣೆಯೂ ಇರಲಿ

ಹ. ಯಾಕೂಬರು(ಅ) ಹ. ಯೂಸುಫರನ್ನು(ಅ) ಅಣ್ಣಂದಿರೊಂದಿಗೆ ಕಳುಹಿಸುವಾಗ ಅವರ ಮನಸ್ಸು ಅಂಜಿತ್ತು. ಮುಂದೆ ಕಿರಿಯ ಮಗನನ್ನೂ ಕಳುಹಿಸಬೇಕಾಗಿ ಬಂದಾಗ, ಅವರು ಅಲ್ಲಾಹನೇ ಅತ್ಯುತ್ತಮ ರಕ್ಷಕನೆಂದರು. ಅದರ ಜೊತೆಗೇ ಮಕ್ಕಳಿಂದ ಅಲ್ಲಾಹನ ಹೆಸರಲ್ಲಿ ದೃಢವಾದ ಕರಾರನ್ನೂ ಪಡೆದರು. ಹಾಗೆ ವಿಚಾರಿಸಿದ್ದು ಅವರ ತವಕ್ಕುಲ್‌ಗೆ ಕುಂದು ತರಲಿಲ್ಲ.

ಆದ್ದರಿಂದ ಸಂಕೋಚ ಪಡದೆ ಕೇಳಿರಿ. ರಾತ್ರಿ ಮಕ್ಕಳ ಕೋಣೆಯ ಬಳಿ ಯಾರಿರುತ್ತಾರೆ? ಶೌಚಾಲಯಕ್ಕೆ ಚಿಲಕವಿದೆಯೇ, ದೀಪವಿದೆಯೇ? ಬಾವಿಗೆ ಕಟ್ಟೆಯಿದೆಯೇ? ಹೊಳೆಗೋ ಸಮುದ್ರಕ್ಕೋ ಕರೆದೊಯ್ಯುವರೇ? ಹತ್ತಿರದಲ್ಲಿ ವೈದ್ಯರಿದ್ದಾರೆಯೇ? ಹೆಣ್ಣು ಮಕ್ಕಳ ಹೊಣೆ ಮಹಿಳೆಯರದೇ? ಪ್ರಾಮಾಣಿಕರಾದ ಸಂಘಟಕರು ಇಂಥ ಪ್ರಶ್ನೆಗಳಿಂದ ಬೇಸರಿಸುವುದಿಲ್ಲ, ಸಂತೋಷಪಡುತ್ತಾರೆ.

ಮಗುವಿಗೂ ಒಂದು ಮಾತನ್ನು ಕಲಿಸಿರಿ. ಹತ್ತು ವರ್ಷವಾದಾಗ ಮಕ್ಕಳ ಹಾಸಿಗೆ ಬೇರೆ ಮಾಡಲು ಆದೇಶಿಸಿದ, ಮೂರು ಹೊತ್ತು ಅನುಮತಿ ಪಡೆದೇ ಕೋಣೆಗೆ ಬರಬೇಕೆಂದು ಚಿಕ್ಕ ಮಕ್ಕಳಿಗೂ ಕಲಿಸಿದ ಧರ್ಮ ನಮ್ಮದು. ತನ್ನ ದೇಹದ ಮರೆಯ ಭಾಗಗಳನ್ನು ಯಾರೂ ಮುಟ್ಟಬಾರದು, ಯಾರಾದರೂ ಮುಟ್ಟಿ "ಹೇಳಬೇಡ" ಎಂದರೆ ಅದನ್ನೇ ಮೊದಲು ಹೇಳಬೇಕು, ಆತ ಎಷ್ಟೇ ದೊಡ್ಡವನಾಗಿರಲಿ, ಎಷ್ಟೇ ಗೌರವದವನಾಗಿರಲಿ ಎಂದು ತಿಳಿಸಿರಿ. ಹೇಳಿದ ಮಗುವನ್ನು ನಂಬಿರಿ. ಮಾನ ಹೋದೀತೆಂದು ಬಾಯಿ ಮುಚ್ಚಿಸಬೇಡಿ. ಮಕ್ಕಳ ರಕ್ಷಣೆಗಾಗಿ 2012ರ ಪೋಕ್ಸೋ ಕಾನೂನಿದೆ, 1098 ಎಂಬ ಸಹಾಯವಾಣಿಯಿದೆ. ಅನ್ಯಾಯವನ್ನು ಮುಚ್ಚಿಡುವುದರಿಂದ ದೀನ್‌ನ ಗೌರವ ಉಳಿಯುವುದಿಲ್ಲ.

ಬೀಳ್ಕೊಡುವಾಗ

ಪ್ರಯಾಣ ಹೊರಡುವವರ ಧರ್ಮನಿಷ್ಠೆಯನ್ನೂ ಅಮಾನತ್ತನ್ನೂ ಕರ್ಮಗಳ ಅಂತ್ಯವನ್ನೂ ಅಲ್ಲಾಹನಿಗೆ ಒಪ್ಪಿಸಿ ಪ್ರಾರ್ಥಿಸುವುದು ಪ್ರವಾದಿ ಚರ್ಯೆ. ಮಗುವಿನ ತಲೆಯ ಮೇಲೆ ಕೈಯಿಟ್ಟು ಆ ದುಆ ಮಾಡಿರಿ. ಅಪ್ಪಿಕೊಳ್ಳಿರಿ, ಸಲಾಮ್ ಹೇಳಿರಿ, ಹೊರಟುಬಿಡಿರಿ. ಬಾಗಿಲಲ್ಲಿ ನಿಂತು ಅರ್ಧ ಗಂಟೆ ಅತ್ತರೆ ಮಗುವಿನ ಧೈರ್ಯ ಕುಸಿಯುತ್ತದೆ. ಕಣ್ಣೀರು ಮನೆಗೆ ಬಂದ ಮೇಲೆ ಹರಿಯಲಿ. ಕಂದ ಮೂಸಾರನ್ನು(ಅ) ನದಿಗೆ ಬಿಟ್ಟ ತಾಯಿಯ ಹೃದಯ ಬರಿದಾಯಿತೆಂದು ಕುರ್‌ಆನ್ ಹೇಳಿದೆ. ತಾಯಿಯ ಸಂಕಟವನ್ನು ಅಲ್ಲಾಹನು ಬಲ್ಲನು.

ಮರಳಿ ಬಂದ ಮೇಲೆ

ಮಗು ಹೋದ ಮೇಲೆ ಮನೆಯಲ್ಲಿ ಇನ್ನೊಂದು ಶಿಬಿರ ಆರಂಭವಾಗಬೇಕು. ಅದು ನಮ್ಮದು. ಹತ್ತು ದಿನ ನಸುಕಿನಲ್ಲೆದ್ದು ಸಾಲಿನಲ್ಲಿ ನಿಂತು ಫಜ್ರ್ ನಮಾಝ್ ಮಾಡಿದ ಮಗು ಮನೆಗೆ ಮರಳಿದ ಮರುದಿನವೂ ತಾನಾಗಿಯೇ ಏಳುತ್ತದೆ. ದೀಪ ಹಾಕಿ ನೋಡುತ್ತದೆ. ಅಬ್ಬ ಮಲಗಿದ್ದಾರೆ. ಉಮ್ಮ ಮಲಗಿದ್ದಾರೆ. ಮೊದಲ ದಿನ ಒಂಟಿಯಾಗಿ ನಮಾಝ್ ಮಾಡುತ್ತದೆ. ಎರಡನೆಯ ದಿನವೂ ಮಾಡುತ್ತದೆ. ಮೂರನೆಯ ದಿನ ಎಚ್ಚರವಾದರೂ ಹೊದಿಕೆ ಎಳೆದುಕೊಂಡು ಮಲಗುತ್ತದೆ. ಆಮೇಲೆ ನಾವು, "ಎಷ್ಟು ಶಿಬಿರಕ್ಕೆ ಕಳುಹಿಸಿದರೇನು, ಎರಡೇ ದಿನ" ಎಂದು ದೂರುತ್ತೇವೆ. ಆ ಮಗುವಿನ ಫಜ್ರ್ ನಮಾಝನ್ನು ಕಸಿದುಕೊಂಡವರು ಯಾರು?

ಊಟಕ್ಕೆ ಕೂತಾಗ ಮಗು ಬಿಸ್ಮಿಲ್ಲಾಹ್ ನೆನಪಿಸಿದರೆ, "ಬಂದರು ನೋಡಿ ದೊಡ್ಡ ಮೌಲವಿ" ಎಂದು ಅಣ್ಣಂದಿರು ನಗಬಾರದು. ನೆರೆಮನೆಯವರ ದೂಷಣೆ ನಡೆಯುವಾಗ "ಉಮ್ಮಾ, ಅದು ಗೀಬತ್ ಅಲ್ಲವೇ?" ಎಂದರೆ ಗದರಿಸಬಾರದು. ನೆಂಟರು ಬಂದಾಗಲೆಲ್ಲ ನಿಲ್ಲಿಸಿ ಕಲಿತದ್ದನ್ನು ಒಪ್ಪಿಸಲು ಹೇಳಬಾರದು. ಬದಲಾಗಿ, "ನಮಗೂ ಕಲಿಸು" ಎಂದು ಕೇಳಿರಿ. ಮಾಲಿಕ್ ಬಿನ್ ಹುವೈರಿಸ್(ರ) ಮತ್ತು ಅವರ ಜೊತೆಗಾರರಿಗೆ ಪ್ರವಾದಿವರ್ಯರು(ಸ) ವಹಿಸಿದ ಹೊಣೆ ಅದೇ ಅಲ್ಲವೇ? ಮನೆಗೆ ಮರಳಿ ಮನೆಯವರಿಗೆ ಕಲಿಸುವುದು. ಅವರಿಗೆ ಕಿವಿಗೊಡುವ ಮನೆಯವರು ಇರಬೇಕಾಗಿತ್ತು. ಮನೆಯವರೇ ಬಾಗಿಲು ಮುಚ್ಚಿಕೊಂಡರೆ ಇಪ್ಪತ್ತು ದಿನದ ಕಲಿಕೆಯನ್ನು ಅವರು ಎಲ್ಲಿ ಇಳಿಸಬೇಕಿತ್ತು?

ಆದ್ದರಿಂದ ಪ್ರಿಯರೇ, ಮಗುವಿನ ಬ್ಯಾಗ್ ತುಂಬುವ ರಾತ್ರಿ ನಿಮ್ಮ ಗಡಿಯಾರದ ಅಲಾರಂ ಅನ್ನೂ ಫಜ್ರ್‌ಗೆ ಸರಿಪಡಿಸಿ ಇಟ್ಟುಕೊಳ್ಳಿರಿ. ಮಗು ಅಲ್ಲಿ ಏಳುವ ಹೊತ್ತಿಗೆ ನೀವು ಇಲ್ಲಿ ಏಳಿರಿ. ಹತ್ತು ದಿನ ಕಳೆದು ಅದು ಮನೆಯಲ್ಲಿ ಕಣ್ಣು ತೆರೆದಾಗ ನಿಮ್ಮ ಕೋಣೆಯಲ್ಲಿ ದೀಪ ಉರಿಯುತ್ತಿರಲಿ.

ನಮ್ಮ ಸಂಗಾತಿಗಳನ್ನೂ ಮಕ್ಕಳನ್ನೂ ಅಲ್ಲಾಹನು ನಮ್ಮ ಕಣ್ಣುಗಳಿಗೆ ತಂಪಾಗಿಸಲಿ. ದೂರವಿರುವ ಮಕ್ಕಳನ್ನು ಅವನು ಕಾಪಾಡಲಿ, ಹತ್ತಿರವಿರುವ ನಮ್ಮನ್ನು ಅವರಿಗೆ ಒಳ್ಳೆಯ ಮಾದರಿಯಾಗಿಸಲಿ. ಆಮೀನ್.